ಗಾಳಿಯ ಬಾಯಾರಿಕೆ

ಕೊಡೈಕನಾಲಿನಲ್ಲಿ ಕೊಂಡ ಆರ್ಕಿಡ್ ಗಿಡ ಪಳನಿಯ ಮನೆಗೆ ಬಂದ ಕೆಲವೇ ವಾರಗಳಲ್ಲಿ ಮೊಗ್ಗು ಉದುರಿಸತೊಡಗುವುದು, ಬಾಡಿದ ಮೊಗ್ಗನ್ನು ಕಂಡು ಮನೆಯವರು ಕುಂಡಕ್ಕೆ ಇನ್ನಷ್ಟು ನೀರು ಹೊಯ್ಯುವುದು, ಹೊಯ್ದಷ್ಟೂ ಬೇರು ಕೊಳೆತು ಕೊನೆಗೆ ಗಿಡವೇ ಸಾಯುವುದು, ಬೆಟ್ಟದ ತಪ್ಪಲಿನ ಊರುಗಳಲ್ಲಿ ಗಿಡ ಸಾಕುವವರಿಗೆ ಅಪರಿಚಿತವಾದ ಸಂಗತಿಯಲ್ಲ. ಒಂದೇ ಗಿಡದ ಬುಡ ನೀರು ಹೆಚ್ಚಾಗಿ ಕೊಳೆಯುತ್ತಿರುವಾಗಲೇ ಅದರ ತುದಿ ನೀರು ಸಾಲದೆ ಒಣಗುವುದೇ ಇಲ್ಲಿನ ವಿಚಿತ್ರ. ಸೆಕೆಯೇ ಇದಕ್ಕೆ ಕಾರಣ ಎಂದರೆ ಉತ್ತರ ಪೂರ್ತಿಯಾಗುವುದಿಲ್ಲ. ಏಕೆಂದರೆ ನರ್ಸರಿಗಳಲ್ಲಿ ಹೆಚ್ಚಾಗಿ ಸಿಗುವ ಫೆಲನಾಪ್ಸಿಸ್ ಎಂಬ ಆರ್ಕಿಡ್‌ನ ಪೂರ್ವಜ ಸಸ್ಯಗಳು ಫಿಲಿಪ್ಪೀನ್ಸ್, ಇಂಡೊನೇಷ್ಯಾಗಳ ಬೆಚ್ಚನೆಯ ಕಾಡುಗಳಿಗೆ ಸೇರಿದವು, ಹಗಲಿನ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಅವುಗಳಿಗೆ ಹೊಸದಲ್ಲ. ಅಲ್ಲಿನ 30 ಡಿಗ್ರಿಗೂ ಪಳನಿಯ 30 ಡಿಗ್ರಿಗೂ ಇರುವ ವ್ಯತ್ಯಾಸ ಉಷ್ಣಮಾಪಕದಲ್ಲಿ ಕಾಣುವಂಥದ್ದಲ್ಲ, ಅದು ಗಾಳಿಯಲ್ಲಿ ಅಡಗಿದೆ.

ಇಳಿದು ಬರುವ ಗಾಳಿ

ಪಳನಿ ಬೆಟ್ಟಗಳು ಪಶ್ಚಿಮ ಘಟ್ಟದಿಂದ ಪೂರ್ವಕ್ಕೆ ಚಾಚಿಕೊಂಡ ಕವಲು. ಅದರ ನೆತ್ತಿಯ ಮೇಲೆ ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿ ಕೊಡೈಕನಾಲ್ ಇದ್ದರೆ, ಉತ್ತರದ ಬುಡದಲ್ಲಿ ಸುಮಾರು 320 ಮೀಟರ್ ಎತ್ತರದಲ್ಲಿ ಪಳನಿ ಇದೆ. ನಡುವಿನ 1,800 ಮೀಟರ್ ಇಳಿಜಾರಿನಲ್ಲಿ ಗಾಳಿ ಕೆಳಗೆ ಜಾರಿದಂತೆಲ್ಲ ಅದರ ಮೇಲಿನ ಒತ್ತಡ ಹೆಚ್ಚುತ್ತದೆ, ಒತ್ತಿದ ಗಾಳಿ ಬಿಸಿಯಾಗುತ್ತದೆ, ಪ್ರತಿ ಸಾವಿರ ಮೀಟರ್ ಇಳಿಕೆಗೆ ಸುಮಾರು 10 ಡಿಗ್ರಿಯಷ್ಟು. ಹೀಗಾಗಿ ಬೆಟ್ಟದ ಮೇಲೆ ಮಂಜು ಕಟ್ಟುವಷ್ಟು ತೇವ ತುಂಬಿ 15 ಡಿಗ್ರಿಯಲ್ಲಿದ್ದ ಗಾಳಿ, ದಾರಿಯಲ್ಲಿ ಒಂದು ಹನಿಯನ್ನೂ ಕಳೆದುಕೊಳ್ಳದೆ ಬುಡಕ್ಕೆ ಇಳಿದರೆ, ಅದರ ಉಷ್ಣತೆ 33 ಡಿಗ್ರಿಯಾಗಿ ತೇವದ ಪಾಲು ಶೇಕಡ ನೂರರಿಂದ ಸುಮಾರು ನಲವತ್ತಕ್ಕೆ ಕುಸಿದಿರುತ್ತದೆ. ಮೇಲೆ ಒದ್ದೆಯಾಗಿದ್ದ ಗಾಳಿಯೇ ಕೆಳಗೆ ಒಣಗಾಳಿ.

ಇದೇ ವಿದ್ಯಮಾನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಮನೆಮಾತಾಗಿ ಕನ್ನಡವನ್ನು ಉಳಿಸಿಕೊಂಡಿರುವ ಕಪ್ಪಿಲಿಯ ಸಮುದಾಯದವರ ಊರುಗಳಿರುವ ಈ ಕಣಿವೆಯ ಪಶ್ಚಿಮಕ್ಕೆ ಏಲಕ್ಕಿ ಬೆಟ್ಟಗಳ ಗೋಡೆಯಿದೆ. ಮುಂಗಾರಿನ ಗಾಳಿ ಕೇರಳದ ಕಡೆಯಿಂದ ಆ ಬೆಟ್ಟಗಳನ್ನೇರುವಾಗ ತನ್ನ ನೀರನ್ನು ಅಲ್ಲೇ ಸುರಿದು, ಉಳಿದ ತೇವದೊಂದಿಗೆ ಈಚೆಗೆ ಇಳಿದು ಬಿಸಿಯಾಗುತ್ತದೆ. ಆದ್ದರಿಂದಲೇ ಮೇಲೆ ಕುಮಿಳಿ, ವಂಡನ್‌ಮೇಡುಗಳ ಸುತ್ತ ತೇವವಿಲ್ಲದೆ ಬದುಕಲಾರದ ಏಲಕ್ಕಿ ಬೆಳೆದರೆ, ಘಾಟಿ ರಸ್ತೆಯಲ್ಲಿ ಇಪ್ಪತ್ತೈದು ಕಿಲೋಮೀಟರ್ ಇಳಿಯುವಷ್ಟರಲ್ಲಿ, ಎಲೆ ಒದ್ದೆಯಾಗಿಯೇ ಇದ್ದರೆ ಬೂಷ್ಟು ರೋಗಕ್ಕೆ ತುತ್ತಾಗುವ ದ್ರಾಕ್ಷಿಯ ಚಪ್ಪರಗಳು ಸಾಲಾಗಿ ಎದುರಾಗುತ್ತವೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಕಂಬಂ ಪನ್ನೀರ್ ದ್ರಾಕ್ಷಿ ಈ ಒಣಗಾಳಿಯ ಬೆಳೆ. ಮನೆಯೊಳಗಿನ ಆರ್ಕಿಡ್ ಕೇಳುವುದು ಏಲಕ್ಕಿಯ ಹವೆಯನ್ನು, ತಪ್ಪಲಿನ ಮನೆ ಅದಕ್ಕೆ ಕೊಡುವುದು ದ್ರಾಕ್ಷಿಯ ಹವೆಯನ್ನು.

ಆರ್ಕಿಡ್‌ಗೆ ಒಗ್ಗುವ ಹವೆ ದೂರದಲ್ಲೇನೂ ಇಲ್ಲ. ಪಳನಿ ಬೆಟ್ಟಗಳ ನಡು ಎತ್ತರದಲ್ಲಿರುವ ತಾಂಡಿಕುಡಿ, ಪಣ್ಣೈಕಾಡುಗಳ ಕಾಫಿ ತೋಟಗಳಲ್ಲಿ ನೆರಳಿನ ಮರಗಳಿಗೆ ಅಂಟಿಕೊಂಡು ಕಾಡು ಆರ್ಕಿಡ್‌ಗಳು ಬೆಳೆಯುತ್ತವೆ. ತಾಂಡಿಕುಡಿಯಲ್ಲಿರುವ ಪ್ರಾದೇಶಿಕ ಕಾಫಿ ಸಂಶೋಧನಾ ಕೇಂದ್ರದ ಮಾತೃಸಂಸ್ಥೆ ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನದು ಎಂಬುದನ್ನು ನೆನೆದರೆ, ಮಲೆನಾಡಿನ ಹಲಸು, ಮಾವಿನ ಮರಗಳ ಮೇಲೆ ಮುಂಗಾರಿನ ಹೊತ್ತಿಗೆ ಜೋತು ಬೀಳುವ ಸೀತಾಳೆ ದಂಡೆ ಎಂಬ ಆರ್ಕಿಡ್‌ನ ಚಿತ್ರ ಕನ್ನಡದ ಓದುಗರಿಗೆ ತಾನಾಗಿಯೇ ಒದಗುತ್ತದೆ. ಈ ಬೆಟ್ಟಗಳ ಸಸ್ಯಸಂಪತ್ತನ್ನು ದಾಖಲಿಸುವ ಕೆಲಸಕ್ಕೆ ಜೆಸ್ಯುಯಿಟ್ ಪಾದ್ರಿ ಕೆ. ಎಂ. ಮ್ಯಾಥ್ಯೂ ತಮ್ಮ ಆಯುಷ್ಯದ ಹಲವು ವರ್ಷಗಳನ್ನು ಕೊಟ್ಟರು. ಅವರ ಪಳನಿ ಬೆಟ್ಟಗಳ ಸಸ್ಯಕೋಶ 1999ರಲ್ಲಿ ಹೊರಬಂತು. ಕೊಡೈಕನಾಲಿನ ಬಳಿಯ ಶೆಂಬಗನೂರಿನಲ್ಲಿ ಅದೇ ಪಂಥದವರು ಕಟ್ಟಿದ ವಸ್ತುಸಂಗ್ರಹಾಲಯಕ್ಕೆ ಹೊಂದಿಕೊಂಡಂತೆ ಆರ್ಕಿಡ್‌ಗಳ ದೊಡ್ಡ ಸಂಗ್ರಹವೂ ಇದೆ.

ಶೇಕಡದ ಲೆಕ್ಕ ಹೇಳದೆ ಬಿಡುವುದು

ಹವಾಮಾನ ವರದಿಯಲ್ಲಿ ‘ಆರ್ದ್ರತೆ ಶೇಕಡ 60’ ಎಂದು ಬರುವ ಅಂಕಿಯನ್ನು ಇಲ್ಲಿ ತೇವದ ಪಾಲು ಎಂದು ಕರೆಯಲಾಗಿದೆ. ಪಠ್ಯಪುಸ್ತಕಗಳು ಇದನ್ನು ಸಾಪೇಕ್ಷ ಆರ್ದ್ರತೆ ಎನ್ನುತ್ತವೆ. ಆ ಉಷ್ಣತೆಯಲ್ಲಿ ಗಾಳಿಯಲ್ಲಿ ಗರಿಷ್ಠ ಎಷ್ಟು ನೀರಾವಿ ಇರಬಹುದೋ ಅದರಲ್ಲಿ ಸದ್ಯ ಎಷ್ಟು ಪಾಲು ಇದೆ ಎಂಬುದನ್ನು ಅದು ತಿಳಿಸುತ್ತದೆಯೇ ಹೊರತು, ಇನ್ನೆಷ್ಟು ನೀರಾವಿಗೆ ಜಾಗವಿದೆ ಎಂಬುದನ್ನು ತಿಳಿಸುವುದಿಲ್ಲ. ಗಿಡಕ್ಕೆ ಬೇಕಾದದ್ದು ಈ ಎರಡನೆಯ ಲೆಕ್ಕ.

ಧಾನ್ಯ ಅಳೆಯುವ ಕೊಳಗವೊಂದು ಬಿಸಿಯಾದಂತೆ ಹಿಗ್ಗುತ್ತದೆ ಎಂದು ಭಾವಿಸಿಕೊಂಡರೆ ವಿಷಯ ತಿಳಿಯಾಗುತ್ತದೆ. ಒಂದು ಘನ ಮೀಟರ್ ಗಾಳಿಯ ಕೊಳಗದಲ್ಲಿ 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ನೀರಾವಿ ಹಿಡಿಸಿದರೆ, 30 ಡಿಗ್ರಿಯಲ್ಲಿ 30 ಗ್ರಾಂ, 35 ಡಿಗ್ರಿಯಲ್ಲಿ ಹತ್ತಿರ ಹತ್ತಿರ 40 ಗ್ರಾಂ ಹಿಡಿಸುತ್ತದೆ. ಶೇಕಡ 60 ತುಂಬಿದ ಕೊಳಗ 20 ಡಿಗ್ರಿಯಲ್ಲಿದ್ದಾಗ ಖಾಲಿ ಉಳಿದಿರುವುದು 7 ಗ್ರಾಂನಷ್ಟು ಜಾಗ. ಅದೇ ಶೇಕಡ 60 ತುಂಬಿದ ಕೊಳಗ 35 ಡಿಗ್ರಿಯಲ್ಲಿದ್ದಾಗ ಖಾಲಿ ಇರುವುದು 16 ಗ್ರಾಂನಷ್ಟು. ಅಂಕಿ ಒಂದೇ ಆಗಿದ್ದರೂ ಎರಡನೆಯ ಗಾಳಿ ಒದ್ದೆ ಬಟ್ಟೆಯಿಂದ, ಕೆರೆಯಿಂದ, ಎಲೆಯಿಂದ ನೀರನ್ನು ಎರಡು ಪಟ್ಟಿಗೂ ಮೀರಿದ ಬಲದಿಂದ ಸೆಳೆಯುತ್ತದೆ. ಖಾಲಿ ಉಳಿದ ಈ ಜಾಗವನ್ನು ಗಾಳಿಯ ಬಾಯಾರಿಕೆ ಎನ್ನಬಹುದು. ಸಸ್ಯವಿಜ್ಞಾನಿಗಳು ಅದನ್ನು ಒತ್ತಡದ ಮಾನದಲ್ಲಿ ಅಳೆದು ವೇಪರ್ ಪ್ರೆಷರ್ ಡೆಫಿಸಿಟ್ ಎನ್ನುತ್ತಾರೆ.

ಈ ಅಳತೆ ಕೈಗೆ ಬಂದ ಕೂಡಲೇ ಕೆಲವು ಗಟ್ಟಿ ನಂಬಿಕೆಗಳು ಸಡಿಲಗೊಳ್ಳುತ್ತವೆ. ಎಸಿ ಕೋಣೆ ಗಿಡಕ್ಕೆ ಶತ್ರು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ, ಎಸಿ ಗಾಳಿಯಿಂದ ನೀರನ್ನು ತೆಗೆಯುವುದೂ ನಿಜ; ಗೋಡೆಯಾಚೆ ಕೊಳವೆಯಿಂದ ತೊಟ್ಟಿಕ್ಕುವ ನೀರು ಆ ಕೋಣೆಯದೇ. ಆದರೂ 24 ಡಿಗ್ರಿಯ, ಶೇಕಡ 45 ತೇವವಿರುವ ಎಸಿ ಕೋಣೆಯ ಗಾಳಿಯಲ್ಲಿ ಘನ ಮೀಟರಿಗೆ 12 ಗ್ರಾಂ ಜಾಗ ಖಾಲಿಯಿದ್ದರೆ, 35 ಡಿಗ್ರಿಯ, ಶೇಕಡ 60 ತೇವವಿರುವ ಪಕ್ಕದ ಪಡಸಾಲೆಯಲ್ಲಿ 16 ಗ್ರಾಂ ಖಾಲಿಯಿದೆ. ಅಂಕಿ ನೋಡಿದರೆ ಒಣಗಿರುವುದು ಎಸಿ ಕೋಣೆ, ಗಿಡವನ್ನು ಹೆಚ್ಚು ಹೀರುವುದು ಪಡಸಾಲೆ. ಎಸಿಯಿಂದ ನೇರ ಬೀಸುವ ಗಾಳಿಗೆ ಗಿಡವನ್ನು ಒಡ್ಡದಿದ್ದರೆ ಸಾಕು.

ಎಲೆಯೊಳಗೂ ಒಂದು ಹವೆ

ಎಲೆಯ ಒಳಗಿನ ಸಣ್ಣ ಸಣ್ಣ ಗಾಳಿಗೂಡುಗಳು ಸದಾ ನೀರಾವಿಯಿಂದ ತುಂಬಿರುತ್ತವೆ. ಹೊರಗಿನ ಗಾಳಿಗೂ ಅವುಗಳಿಗೂ ನಡುವೆ ಬಾಗಿಲಿನಂತಿರುವುದು ಪತ್ರರಂಧ್ರ; ಗಿಡ ಇಂಗಾಲದ ಡೈಆಕ್ಸೈಡನ್ನು ಒಳಗೆ ತೆಗೆದುಕೊಳ್ಳಲು ಅದನ್ನು ತೆರೆಯಲೇಬೇಕು, ತೆರೆದಾಗಲೆಲ್ಲ ನೀರಾವಿ ಹೊರಟೇ ಹೋಗುತ್ತದೆ. ಹೊರಗಿನ ಬಾಯಾರಿಕೆ ವಿಪರೀತವಾದರೆ ಗಿಡ ರಂಧ್ರಗಳನ್ನು ಮುಚ್ಚಿಕೊಂಡು ನೀರನ್ನು ಉಳಿಸಿಕೊಳ್ಳುತ್ತದೆ, ಆಹಾರ ತಯಾರಿಕೆಯನ್ನು ನಿಲ್ಲಿಸುತ್ತದೆ. ದಪ್ಪನೆಯ ಮೇಣದ ಹೊದಿಕೆಯಿರುವ ಎಲೆ ಹೀಗೆ ಕೆಲವು ದಿನ ತಾಳಿಕೊಳ್ಳಬಲ್ಲದು. ಅಂಥ ಹೊದಿಕೆ ಇನ್ನೂ ಕೂಡದ ಎಳೆಯ ಮೊಗ್ಗಿಗೆ ಆ ಸೌಕರ್ಯವಿಲ್ಲ. ಬೇರು ಮತ್ತು ಎಲೆಗಳಿಂದ ಬರುವ ನೀರು ಕಡಿಮೆಯಾದಾಗ ಗಿಡ ಮೊದಲು ಬಿಟ್ಟುಕೊಡುವುದೂ ಅದನ್ನೇ. ಹಳದಿಗೆ ತಿರುಗಿ, ಸುಕ್ಕಾಗಿ, ತೊಟ್ಟು ಕಳಚುವ ಮೊಗ್ಗು ಗಿಡ ಮಾಡಿದ ಈ ಆಯ್ಕೆಯ ಗುರುತು.

ಇನ್ನೊಂದು ಸೂಕ್ಷ್ಮವನ್ನು ಮನೆಯವರು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಲೆಯೊಳಗಿನ ನೀರಾವಿಯ ಪ್ರಮಾಣವನ್ನು ನಿರ್ಧರಿಸುವುದು ಎಲೆಯ ಉಷ್ಣತೆ, ಕೋಣೆಯದಲ್ಲ. ಕೋಣೆ 30 ಡಿಗ್ರಿಯಲ್ಲಿದ್ದು ಶೇಕಡ 70 ತೇವವಿದ್ದಾಗ ಎಲೆಯೂ 30 ಡಿಗ್ರಿಯಲ್ಲಿದ್ದರೆ ಒಳಗೂ ಹೊರಗೂ ಇರುವ ನೀರಾವಿಯ ಅಂತರ ಘನ ಮೀಟರಿಗೆ 9 ಗ್ರಾಂ. ಕಿಟಕಿಯ ಗಾಜಿನಿಂದ ಬಿದ್ದ ಬಿಸಿಲು ಅದೇ ಎಲೆಯನ್ನು 35 ಡಿಗ್ರಿಗೆ ಏರಿಸಿದರೆ ಆ ಅಂತರ 18 ಗ್ರಾಂ ಆಗುತ್ತದೆ. ಗಾಳಿಯ ತೇವ ಇದ್ದಷ್ಟೇ ಇದೆ, ಗಿಡದ ಮೇಲಿನ ಸೆಳೆತ ಮಾತ್ರ ಇಮ್ಮಡಿಯಾಗಿದೆ. ಪಶ್ಚಿಮದ ಕಿಟಕಿಗೆ ಒಂದು ತೆಳು ಬಟ್ಟೆಯ ಪರದೆ ಕಟ್ಟುವುದು, ಸ್ಪ್ರೇ ಬಾಟಲಿ ಹಿಡಿದು ದಿನಕ್ಕೆ ನಾಲ್ಕು ಬಾರಿ ಓಡಾಡುವುದಕ್ಕಿಂತ ಎಷ್ಟೋ ಮಿಗಿಲಾದ ಉಪಚಾರ ಎನ್ನುವುದಕ್ಕೆ ಇದೇ ಆಧಾರ. ಎಲೆಯ ಮೈಗೆ ಅಂಟಿಕೊಂಡು ತೇವದ ಗಾಳಿಯ ತೆಳುಪದರವೊಂದು ನಿಂತಿರುತ್ತದೆ, ತಲೆಯ ಮೇಲೆ ಜೋರಾಗಿ ತಿರುಗುವ ಫ್ಯಾನು ಅದನ್ನೂ ಗುಡಿಸಿಹಾಕುತ್ತದೆ.

ಮೊಗ್ಗು ಉದುರುವುದಕ್ಕೆಲ್ಲ ಒಣಗಾಳಿಯೇ ಹೊಣೆಯಲ್ಲ ಎಂಬುದನ್ನೂ ಹೇಳಬೇಕು. ಮಾಗುವ ಹಣ್ಣುಗಳು ಎಥಿಲೀನ್ ಎಂಬ ಅನಿಲವನ್ನು ಬಿಡುತ್ತವೆ, ಫೆಲನಾಪ್ಸಿಸ್ ಅದಕ್ಕೆ ಬಹಳ ಬೇಗ ಸೋಲುತ್ತದೆ. ಪಂಚಾಮೃತಕ್ಕೆ ಹೆಸರಾದ ಪಳನಿಯ ಮನೆಗಳಲ್ಲಿ ವಿರೂಪಾಕ್ಷಿ ಬೆಟ್ಟಬಾಳೆಯ ಗೊನೆ ಮೂಲೆಯಲ್ಲಿ ಮಾಗುತ್ತಿರುವಾಗ ಅದೇ ಕೋಣೆಯಲ್ಲಿ ಆರ್ಕಿಡ್ ಇಟ್ಟರೆ, ತೇವ ಎಷ್ಟೇ ಸರಿಯಿದ್ದರೂ ಮೊಗ್ಗು ನಿಲ್ಲುವುದು ಕಷ್ಟ.

ಮಣ್ಣು ಕಾಣದ ಬೇರು

ಬುಡ ಏಕೆ ಕೊಳೆಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಬೇರಿನ ಮೈಮೇಲೆಯೇ ಇದೆ. ಮರದ ತೊಗಟೆಗೆ ಅಂಟಿ ಬದುಕುವ ಆರ್ಕಿಡ್‌ನ ಬೇರಿಗೆ ವೆಲಮೆನ್ ಎಂಬ ಹೊದಿಕೆಯಿರುತ್ತದೆ. ಒಳಗೆ ಟೊಳ್ಳಾದ, ಸತ್ತ ಕೋಶಗಳ ಕೆಲವು ಪದರಗಳವು. ಒಣಗಿದ್ದಾಗ ಆ ಕೋಶಗಳಲ್ಲಿ ಗಾಳಿ ತುಂಬಿ ಬೇರು ಬೆಳ್ಳಿಯಂತೆ ಬೆಳ್ಳಗೆ ಹೊಳೆಯುತ್ತದೆ. ಅದರ ಮೇಲೆ ನೀರು ಬಿದ್ದ ಕೆಲವೇ ಕ್ಷಣಗಳಲ್ಲಿ ಕೋಶಗಳು ನೀರು ತುಂಬಿಕೊಂಡು ಪಾರದರ್ಶಕವಾಗುತ್ತವೆ, ಕೆಳಗಿರುವ ಹಸಿರು ಅಂಗಾಂಶ ಹೊರಗೆ ತೋರುತ್ತದೆ. ಬಿಳಿ ಬೇರು ನೋಡನೋಡುತ್ತಲೇ ಹಸಿರಾಗುವುದನ್ನು ಯಾರು ಬೇಕಾದರೂ ಬರಿಗಣ್ಣಿನಲ್ಲಿ ಕಾಣಬಹುದು. ಮಳೆ ಬಂದಾಗ ಗಬಕ್ಕನೆ ಹಿಡಿದುಕೊಂಡು, ಮಳೆ ನಿಂತ ಕೂಡಲೇ ಗಾಳಿಯಲ್ಲಿ ಆರಿ ಉಸಿರಾಡಲು ರೂಪುಗೊಂಡ ಅಂಗ ಇದು. ಅದನ್ನು ಸದಾ ಒದ್ದೆಯಾದ ಕುಂಡದಲ್ಲಿ ಹುಗಿದಿಟ್ಟರೆ ಆಮ್ಲಜನಕ ತಲುಪದೆ ಬೇರು ಸಾಯುತ್ತದೆ, ಸತ್ತ ಬೇರಿಗೆ ಶಿಲೀಂಧ್ರ ಮುತ್ತುತ್ತದೆ. ಆಮೇಲೆ ಕುಂಡದಲ್ಲಿ ನೀರು ಎಷ್ಟಿದ್ದರೂ ಅದನ್ನು ಮೇಲೆತ್ತುವ ಬೇರೇ ಇಲ್ಲದ್ದರಿಂದ ಮೊಗ್ಗು ಇನ್ನೂ ಬೇಗ ಬಾಡುತ್ತದೆ. ನೀರಿನ ಬೇಡಿಕೆ ಹುಟ್ಟುತ್ತಿರುವುದು ಗಾಳಿಯಲ್ಲಿ, ಪೂರೈಕೆ ನಡೆಯುತ್ತಿರುವುದು ಕುಂಡದಲ್ಲಿ. ಎರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ.

ಆದ್ದರಿಂದ ಕುಂಡದೊಳಗೆ ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಇಟ್ಟಿಗೆ ಚೂರುಗಳಂಥ ಗಾಳಿಯಾಡುವ ವಸ್ತುಗಳಿರಬೇಕು, ಬೇರು ಮತ್ತೆ ಬೆಳ್ಳಗಾದ ಮೇಲೆ ನೀರು ಕೊಡಬೇಕು.

ರಾತ್ರಿ ಉಸಿರಾಡುವ ಗಿಡ

ಬಹುತೇಕ ಗಿಡಗಳು ಹಗಲಿನಲ್ಲಿ ಪತ್ರರಂಧ್ರ ತೆರೆಯುತ್ತವೆ, ಫೆಲನಾಪ್ಸಿಸ್ ಹಾಗಲ್ಲ. ರಾತ್ರಿಯ ತಂಪಿನಲ್ಲಿ ತೆರೆದು, ಒಳಬಂದ ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲಿನಲ್ಲಿ ರಂಧ್ರ ಮುಚ್ಚಿಕೊಂಡೇ ಅದರಿಂದ ಸಕ್ಕರೆ ತಯಾರಿಸುತ್ತದೆ. ಕ್ಯಾಮ್ ಎಂಬ ಹೆಸರಿನ ಈ ವಿಧಾನ ಕತ್ತಾಳೆ, ಅನಾನಸುಗಳಲ್ಲೂ ಇದೆ. ಇದರಿಂದ ಹೊರಡುವ ತೀರ್ಮಾನ ಮುಖ್ಯವಾದದ್ದು: ಇಂಥ ಗಿಡದ ಎಲೆಯ ಮಟ್ಟಿಗೆ ರಾತ್ರಿಯ ಬಾಯಾರಿಕೆಯೇ ಹೆಚ್ಚು ನಿರ್ಣಾಯಕ. ದಿಂಡಿಗಲ್, ಪಳನಿಗಳ ಆರ್‌ಸಿಸಿ ತಾರಸಿಯ ಮನೆಗಳಲ್ಲಿ ಹಗಲೆಲ್ಲ ಬಿಸಿಲು ಕುಡಿದ ಚಾವಣಿ ಅದರ ಶಾಖವನ್ನು ರಾತ್ರಿ ಒಳಗೆ ಬಿಡುವುದರಿಂದ, ಹೊರಗೆ ತಂಪಾಗಿದ್ದರೂ ಮೇಲಿನ ಮಹಡಿಯ ಕೋಣೆ ನಡುರಾತ್ರಿಯವರೆಗೆ ಕಾದೇ ಇರುತ್ತದೆ. ಬೇಸಿಗೆಯಲ್ಲಿ ಗಿಡವನ್ನು ನೆಲದ ಮಹಡಿಗೆ ಇಳಿಸುವುದು, ಇಲ್ಲವೇ ಸಂಜೆಯಾದ ಮೇಲೆ ಕಿಟಕಿ ತೆರೆದಿಡುವುದು, ಗಿಡ ಬಾಯಿ ತೆರೆಯುವ ಹೊತ್ತಿಗೆ ಸಿಗುವ ನೆರವು.

ಕೋಣೆಗೆ ತೇವ ತುಂಬಲು ಹೊರಟರೆ

ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಕೋಣೆಯಲ್ಲಿ 36 ಘನ ಮೀಟರ್ ಗಾಳಿ ಇರುತ್ತದೆ. ಉಷ್ಣತೆ 30 ಡಿಗ್ರಿಯಲ್ಲಿ ನಿಂತಿದ್ದು ತೇವದ ಪಾಲನ್ನು ನಲವತ್ತರಿಂದ ಎಪ್ಪತ್ತಕ್ಕೆ ಏರಿಸಲು ಬೇಕಾದದ್ದು ಸುಮಾರು 330 ಗ್ರಾಂ ನೀರು, ಅಂದರೆ ಒಂದೂವರೆ ಲೋಟದಷ್ಟು. ಇದು ಸುಲಭವೆನಿಸುತ್ತದೆ. ಆದರೆ ಕಿಟಕಿ ಬಾಗಿಲು ತೆರೆದಿರುವ ಮನೆಯಲ್ಲಿ ಕೋಣೆಯ ಗಾಳಿ ಗಂಟೆಗೆ ಐದು ಬಾರಿ ಬದಲಾದರೂ ಸಾಕು, ಪ್ರತಿ ಗಂಟೆಗೂ ಒಂದೂವರೆ ಲೀಟರಿಗಿಂತ ಹೆಚ್ಚು ನೀರನ್ನು ಆವಿಯಾಗಿಸುತ್ತಲೇ ಇರಬೇಕಾಗುತ್ತದೆ. ಸ್ಪ್ರೇ ಬಾಟಲಿಯಿಂದ ಎಲೆಗೆ ಸಿಂಪಡಿಸಿದ ನಾಲ್ಕು ಚಮಚ ನೀರು, ಕುಂಡದ ಕೆಳಗಿನ ಬೆಣಚುಕಲ್ಲಿನ ತಟ್ಟೆಯಿಂದ ಏಳುವ ಆವಿ ಈ ಲೆಕ್ಕದಲ್ಲಿ ಎಲ್ಲೂ ನಿಲ್ಲುವುದಿಲ್ಲ. ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಈ ಎರಡು ಸಲಹೆಗಳು ಚಳಿದೇಶದ ಮುಚ್ಚಿದ ಮನೆಗಳಿಂದ ಬಂದವು, ತೆರೆದ ಕಿಟಕಿಯ ತಮಿಳುನಾಡಿನ ಮನೆಗೆ ಅವುಗಳಿಂದ ದೊಡ್ಡ ಉಪಯೋಗವಿಲ್ಲ.

ಉಷ್ಣತೆಯ ಕಡೆಯಿಂದ ಹೊರಟರೆ ಲೆಕ್ಕ ಬೇರೆಯಾಗುತ್ತದೆ. ಅದೇ 30 ಡಿಗ್ರಿಯ, ಶೇಕಡ 40 ತೇವದ ಗಾಳಿಯಲ್ಲಿ ಖಾಲಿ ಜಾಗ 18 ಗ್ರಾಂ. ಒಂದು ಹನಿ ನೀರನ್ನೂ ಸೇರಿಸದೆ ಅದನ್ನು 26 ಡಿಗ್ರಿಗೆ ತಂದರೆ ಖಾಲಿ ಜಾಗ 12 ಗ್ರಾಂಗೆ ಇಳಿಯುತ್ತದೆ, ಮೂರನೆಯ ಒಂದು ಪಾಲು ಬಾಯಾರಿಕೆ ತಣಿಯುತ್ತದೆ. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುವುದರಿಂದ, ಆವಿಯಾಗುವಿಕೆಯನ್ನು ಗಿಡದ ಪಕ್ಕದಲ್ಲೇ ನಡೆಸಿದರೆ ತೇವ ಏರುವುದೂ ತಂಪಾಗುವುದೂ ಒಟ್ಟಿಗೆ ಆಗುತ್ತವೆ. ಮಾರ್ಚಿನಿಂದ ಮೇವರೆಗೆ ಕಿಟಕಿಗೆ ಕೂರಿಸುವ ಏರ್ ಕೂಲರ್ ಕೆಲಸ ಮಾಡುವುದು ಹೀಗೆಯೇ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ತರಕಾರಿ ಕೆಡದಂತೆ ಇಡಲು ರೂಪಿಸಿದ, ವಿದ್ಯುತ್ ಬೇಡದ ತಂಪುಗೂಡಿನ ತತ್ವವೂ ಇದೇ: ಎರಡು ಸಾಲು ಇಟ್ಟಿಗೆ ಗೋಡೆ, ನಡುವೆ ಒದ್ದೆ ಮರಳು. ಹಿತ್ತಲಲ್ಲಿ ಅಥವಾ ಬಾಲ್ಕನಿಯ ನೆರಳಿನ ಮೂಲೆಯಲ್ಲಿ ಇಟ್ಟಿಗೆಯ ಗಿಡ್ಡ ಕಟ್ಟೆ ಮಾಡಿ, ಒದ್ದೆ ಮರಳು ಹರಡಿ, ಅದರ ಮೇಲೆ ನೀರು ತಾಗದಂತೆ ಜಾಲರಿಯಿಟ್ಟು ಕುಂಡಗಳನ್ನು ಒತ್ತೊತ್ತಾಗಿ ಜೋಡಿಸಿದರೆ, ಗಿಡಗಳು ಬಿಡುವ ಆವಿಯೂ ಅಲ್ಲೇ ಸುಳಿದಾಡಿ ಒಂದು ಪುಟ್ಟ ಹವೆ ಏರ್ಪಡುತ್ತದೆ. ಇಡೀ ಕೋಣೆಯ ಗಾಳಿಯನ್ನು ಬದಲಿಸುವ ಹಟ ಬಿಟ್ಟು ಗಿಡದ ಸುತ್ತಲಿನ ಎರಡು ಮೊಳ ಗಾಳಿಯನ್ನು ಕಾಯುವುದೇ ಜಾಣತನ.

ಈ ಜಾಣತನದ ಇತಿಹಾಸ ಹಳೆಯದು. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ಬ್ಯಾಗ್‌ಶಾ ವಾರ್ಡ್ ಪತಂಗದ ಕೋಶವೊಂದು ಒಡೆಯುವುದನ್ನು ನೋಡಲು ಅದನ್ನು ಒದ್ದೆ ಮಣ್ಣಿನೊಂದಿಗೆ ಮುಚ್ಚಿದ ಬಾಟಲಿಯಲ್ಲಿಟ್ಟಿದ್ದರು. ಲಂಡನ್ನಿನ ಹೊಗೆಯಲ್ಲಿ ಅವರ ತೋಟದಲ್ಲಿ ಬದುಕದಿದ್ದ ಜರೀಗಿಡ ಆ ಬಾಟಲಿಯೊಳಗೆ ತಾನಾಗಿ ಮೊಳೆಯಿತು. ಅದರಿಂದ ಹುಟ್ಟಿದ ಗಾಜಿನ ಪೆಟ್ಟಿಗೆಗಳಲ್ಲಿ ಸಸ್ಯಗಳು ಖಂಡದಿಂದ ಖಂಡಕ್ಕೆ ಸಾಗಿದವು. ಆದರೆ 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕ್‌ಹ್ಯಾಮ್ ಪೆರುವಿನಿಂದ ನೀಲಗಿರಿಗೆ ಸಾಗಿಸಿದ ಸಿಂಕೋನಾ ಸಸಿಗಳು ಅಂಥದೇ ಪೆಟ್ಟಿಗೆಗಳಲ್ಲಿದ್ದರೂ ಕೆಂಪು ಸಮುದ್ರದ ಉರಿಯಲ್ಲಿ ನಲುಗಿ ಬಹುಪಾಲು ಸತ್ತವು. ಗಾಜಿನ ಪೆಟ್ಟಿಗೆ ತೇವವನ್ನು ಹಿಡಿದಿಡುವಂತೆ ಶಾಖವನ್ನೂ ಹಿಡಿದಿಡುತ್ತದೆ. ತಪ್ಪಲಿನ ಮನೆಯಲ್ಲಿ ಅದಕ್ಕೆ ನೇರ ಬಿಸಿಲು ಬೀಳುವ ಜಾಗ ಸಲ್ಲದು.

ಹಿಂಗಾರು ಬಂದಾಗ

ದಿಂಡಿಗಲ್, ತೇನಿಗಳಿಗೆ ಮಳೆ ತರುವುದರಲ್ಲಿ ಅಕ್ಟೋಬರಿನಿಂದ ಡಿಸೆಂಬರಿನ ಹಿಂಗಾರಿನ ಪಾತ್ರ ದೊಡ್ಡದು. ಆಗ 23 ಡಿಗ್ರಿಯಲ್ಲಿ ಶೇಕಡ 90 ತೇವವಿದ್ದರೆ ಗಾಳಿಯ ಬಾಯಾರಿಕೆ 2 ಗ್ರಾಂಗೆ ಇಳಿಯುತ್ತದೆ, ಎಲೆಯಿಂದ ನೀರು ಹೊರಡುವುದೇ ಇಲ್ಲವೆನ್ನುವಷ್ಟು ನಿಧಾನವಾಗುತ್ತದೆ, ಎಲೆಗಳ ನಡುವಿನ ಸುಳಿಯಲ್ಲಿ ನಿಂತ ನೀರು ಆರದೆ ಸುಳಿಕೊಳೆ ಹಿಡಿಯುತ್ತದೆ, ದಳಗಳ ಮೇಲೆ ಶಿಲೀಂಧ್ರದ ಕಂದು ಚುಕ್ಕೆಗಳು ಮೂಡುತ್ತವೆ. ಬೇಸಿಗೆಯಲ್ಲಿ ಕಾಪಾಡಿದ ಕೂಲರ್, ಒದ್ದೆ ಮರಳುಗಳನ್ನು ಈಗ ನಿಲ್ಲಿಸಬೇಕು. ಬೇಸಿಗೆಯಲ್ಲಿ ಕೆಡುಕು ಮಾಡಿದ ಫ್ಯಾನನ್ನು ಈಗ ನಿಧಾನವಾಗಿ ತಿರುಗಿಸಬೇಕು. ನೀರನ್ನು ಬೆಳಗ್ಗೆಯೇ ಕೊಡಬೇಕು, ಸುಳಿಗೆ ಬೀಳದಂತೆ ಕೊಡಬೇಕು.

ಯಾವಾಗ ಯಾವುದು ಎಂದು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಒಂದೇ ಬಗೆಯ ಎರಡು ಉಷ್ಣಮಾಪಕಗಳನ್ನು ಅಕ್ಕಪಕ್ಕ ತೂಗುಹಾಕಿ, ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಸ್ವಲ್ಪ ಗಾಳಿ ಬೀಸಿದರೆ, ಅದು ಎಷ್ಟು ಡಿಗ್ರಿ ಕೆಳಗಿಳಿಯುತ್ತದೆ ಎಂಬುದೇ ಬಾಯಾರಿಕೆಯ ಸೂಚಿ. ಅಂತರ ಒಂದೆರಡು ಡಿಗ್ರಿಯಷ್ಟೇ ಇದ್ದರೆ ಗಾಳಿಯಾಡಿಸಬೇಕು, ನೀರು ತಡೆಯಬೇಕು. ನಾಲ್ಕೈದು ಡಿಗ್ರಿಯಿದ್ದರೆ ಆರ್ಕಿಡ್ ನೆಮ್ಮದಿಯಾಗಿದೆ. ಎಂಟು ಹತ್ತಕ್ಕೆ ಏರಿದರೆ ನೆರಳು, ತಂಪು, ತೇವ ಮೂರೂ ಬೇಕು.

ಫೆಲನಾಪ್ಸಿಸ್ ಹೂದಂಡು ಹೊರಡಿಸಲು ಕೆಲವು ವಾರ 25 ಡಿಗ್ರಿಗಿಂತ ತಂಪಾದ ಹವೆ ಬೇಕು. ತಪ್ಪಲಿನ ಊರುಗಳಲ್ಲಿ ಅದು ದೊರೆಯುವುದು ಡಿಸೆಂಬರ್, ಜನವರಿಗಳಲ್ಲಿ. ಹೊರಟ ದಂಡು ಬೆಳೆದು ಮೊಗ್ಗು ಬಲಿಯಲು ಎರಡು ಮೂರು ತಿಂಗಳು ಹಿಡಿಯುವುದರಿಂದ, ಮೊಗ್ಗು ಅತ್ಯಂತ ಎಳೆಯದಾಗಿರುವ ಹೊತ್ತಿಗೆ ಸರಿಯಾಗಿ ಮಾರ್ಚಿನ ಒಣ ಬಿಸಿಲು ಬಂದು ನಿಂತಿರುತ್ತದೆ. ಹೂದಂಡು ಕಂಡ ದಿನದಿಂದಲೇ ಗಿಡಕ್ಕೆ ಬೇಸಿಗೆಯ ಜಾಗ ಗೊತ್ತುಮಾಡಿ, ಫೆಬ್ರವರಿ ಮುಗಿಯುವುದರೊಳಗೆ ಪರದೆಯನ್ನೂ ಮರಳಿನ ಕಟ್ಟೆಯನ್ನೂ ಸಿದ್ಧಮಾಡಿಟ್ಟವರ ಮನೆಯಲ್ಲಿ ಆ ಮೊಗ್ಗುಗಳಿಗೆ ಅರಳುವ ಅವಕಾಶವಿದೆ.